ಬೆರಿಯಾ ವಿದ್ಯಾಲಯದ ಚರಿತ್ರೆ

ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಕೆಂಟಕಿ ಎಂಬುದೊಂದು. ಅದರ ನಡುನಾಡಿನ ಹುಲ್ಲುಗಾವಲುಗಳು ಮುಗಿದು ಅಪಲೇಶಿಯನ್ ಬೆಟ್ಟಗಳು ಮೊದಲಾಗುವ ಎಡೆಯಲ್ಲಿ ಬೆರಿಯಾ ಎಂಬ ಸಣ್ಣ ಊರುಂಟು. ಆ ಊರಿನ ಹೆಸರನ್ನೇ ಹೊತ್ತಿರುವ ಖಾಸಗಿ ಕಾಲೇಜು ೧೮೯೨ರಿಂದ ಈಚೆಗೆ ಯಾವ ವಿದ್ಯಾರ್ಥಿಯಿಂದಲೂ ಬೋಧನಾಶುಲ್ಕವನ್ನು ಪಡೆದಿಲ್ಲ. ಅಲ್ಲಿ ಓದುವ ಪ್ರತಿಯೊಬ್ಬರೂ ವಾರಕ್ಕೆ ಹತ್ತು ಗಂಟೆಗಳಿಗೆ ಕಡಿಮೆಯಾಗದಂತೆ ದುಡಿಯಲೇಬೇಕು. ಕಾಯಕ ದಾಸೋಹಗಳ ಮಾತನ್ನು ಕೇಳಿ ಬೆಳೆದವರಿಗೆ ಈ ಎರಡು ನಿಯಮಗಳು ಅಪರಿಚಿತವೆನಿಸಲಾರವು. ಆದರೆ ಈ ಕಾಲೇಜು ಹುಟ್ಟಿದುದು ಇವೆರಡಕ್ಕಾಗಿಯೂ ಅಲ್ಲ. ಕಪ್ಪುವರ್ಣದವರೂ ಬಿಳಿಯರೂ ಒಂದೇ ಹಲಗೆಯ ಮೇಲೆ ಕುಳಿತು ಓದಬೇಕೆಂಬ ಒಂದು ಸಂಕಲ್ಪಕ್ಕಾಗಿ ಅದು ಹುಟ್ಟಿತು. ಆ ಸಂಕಲ್ಪವನ್ನೇ ನಾಲ್ವತ್ತಾರು ವರ್ಷಗಳ ಕಾಲ ಕಳೆದುಕೊಂಡಿತು.

ಇದರ ಮೂಲಪುರುಷನು ಜಾನ್ ಗ್ರೆಗ್ ಫೀ. ೧೮೧೬ರಲ್ಲಿ ಕೆಂಟಕಿಯಲ್ಲಿಯೇ ಜನಿಸಿದ ಈತನ ತಂದೆ ಗುಲಾಮರನ್ನು ಇಟ್ಟುಕೊಂಡಿದ್ದ ಒಕ್ಕಲಿಗನು. ಫೀ ಪಾದ್ರಿಯಾಗಲು ಓದುತ್ತಿದ್ದಾಗಲೇ ಗುಲಾಮಗಿರಿಯು ಪಾಪವೆಂದು ನಿಶ್ಚಯಿಸಿ, ತನ್ನ ಮನೆಯಲ್ಲಿಯೂ ಅದನ್ನೇ ಹೇಳಿದನು. ತಂದೆಯು ಮಗನಿಗೆ ಆಸ್ತಿಯ ಹಕ್ಕನ್ನು ತಪ್ಪಿಸಿದನು. ಫೀ ತನ್ನ ಹಣದಿಂದ ತಂದೆಯ ದಾಸಿಯಾಗಿದ್ದ ಜೂಲೆಟ್ ಮೈಲ್ಸ್ ಎಂಬವಳನ್ನು ಕೊಂಡು ಬಿಡುಗಡೆ ಮಾಡಿದನು. ಆದರೆ ಅವಳ ಮಕ್ಕಳು ಬಿಡುಗಡೆಯಾಗಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಒಹಾಯೋ ನದಿಯನ್ನು ದಾಟಿ ಸ್ವತಂತ್ರ ನಾಡನ್ನು ಸೇರಬೇಕೆಂದು ಹೊರಟ ಆ ತಾಯಿ ೧೮೫೮ರಲ್ಲಿ ಸೆರೆಸಿಕ್ಕಿದಳು. ಕಾರಾಗೃಹದಲ್ಲಿಯೇ ಅವಳ ಪ್ರಾಣವು ಹೋಯಿತು. ಫೀಯ ಹಟವು ಎಂಥ ಬೆಂಕಿಯಲ್ಲಿ ಕಾದುದೆಂಬುದನ್ನು ತಿಳಿಯಲು ಈ ಒಂದು ಸಂಗತಿ ಸಾಕು.

ಕ್ಯಾಶಿಯಸ್ ಕ್ಲೇ ಎಂಬ ಶ್ರೀಮಂತ ರಾಜಕಾರಣಿಯು ಗುಲಾಮಗಿರಿಯ ವಿರೋಧಿಯಾಗಿದ್ದನು. ಆತನು ಫೀಯನ್ನು ಮ್ಯಾಡಿಸನ್ ಪ್ರಾಂತಕ್ಕೆ ಕರೆಯಿಸಿ ಹತ್ತು ಎಕರೆ ನೆಲವನ್ನು ಕೊಟ್ಟನು. ೧೮೫೫ರಲ್ಲಿ ಅಲ್ಲಿ ಒಂದೇ ಕೋಣೆಯ ಶಾಲೆಯು ಎದ್ದಿತು. ವಾರದ ದಿನಗಳಲ್ಲಿ ಅದು ಶಾಲೆ, ಭಾನುವಾರ ಪ್ರಾರ್ಥನಾಮಂದಿರ. ಭೂಮಿಯ ಮೇಲಿನ ಸಕಲ ಜನಾಂಗಗಳೂ ಒಂದೇ ರಕ್ತದಿಂದಾದವು ಎಂಬ ಕ್ರೈಸ್ತಗ್ರಂಥದ ವಚನವೇ ಮುಂದೆ ಈ ಸಂಸ್ಥೆಯ ಧ್ಯೇಯವಾಕ್ಯವಾಯಿತು. ದಾನಿಗೂ ಪಾದ್ರಿಗೂ ಬಹುಕಾಲ ಹೊಂದಿಕೆಯಾಗಲಿಲ್ಲ. ಗುಲಾಮಗಿರಿಯನ್ನು ಕಾನೂನಿನ ಮಾರ್ಗದಲ್ಲಿ ಮೆಲ್ಲಮೆಲ್ಲನೆ ತೆಗೆಯಬೇಕೆಂದು ಕ್ಲೇ. ದೇವರ ಕಟ್ಟಳೆಯ ಮುಂದೆ ಅಂಥ ಕಾನೂನು ಕಾನೂನೇ ಅಲ್ಲವೆಂದು ಫೀ. ೧೮೫೬ರಲ್ಲಿ ಇಬ್ಬರೂ ಬೇರೆಯಾದರು.

೧೮೫೯ರ ಅಕ್ಟೋಬರದಲ್ಲಿ ಜಾನ್ ಬ್ರೌನನು ಗುಲಾಮರ ಬಿಡುಗಡೆಗಾಗಿ ಹಾರ್ಪರ್ಸ್ ಫೆರಿಯ ಆಯುಧಾಗಾರದ ಮೇಲೆ ಬಿದ್ದನು. ದಕ್ಷಿಣದ ನಾಡೆಲ್ಲವೂ ಭಯದಿಂದ ಕುದಿಯಿತು. ಆಗ ಶಾಲೆಗೆ ಹಣವನ್ನು ಕೂಡಿಸಲು ಪೂರ್ವದ ಪಟ್ಟಣಗಳಲ್ಲಿ ಸಂಚರಿಸುತ್ತಿದ್ದ ಫೀಯ ಭಾಷಣವೊಂದನ್ನು ಪತ್ರಿಕೆಗಳು ತಿರುಚಿ ಬರೆದವು. ಡಿಸೆಂಬರದಲ್ಲಿ ಸುಮಾರು ಅರುವತ್ತು ಮಂದಿ ಸಾಯುಧರಾಗಿ ಬೆರಿಯಾಕ್ಕೆ ಬಂದು, ಹತ್ತು ದಿನಗಳೊಳಗೆ ಊರುಬಿಡಬೇಕೆಂದು ಆಜ್ಞಾಪಿಸಿದರು. ಚಳಿಗಾಲದ ನಡುವೆ ಹೆಂಗಸರು ಮಕ್ಕಳೊಡನೆ ಶಿಕ್ಷಕರ ಕುಟುಂಬಗಳು ಒಹಾಯೋ ಕಡೆಗೆ ನಡೆದವು.

ಅಂತರ್ಯುದ್ಧವು ಮುಗಿದ ಮೇಲೆ ಫೀ ಮತ್ತು ಸಂಗಡಿಗರು ಅದೇ ನೆಲಕ್ಕೆ ಮರಳಿದರು. ೧೮೬೬ರಲ್ಲಿ ಕಪ್ಪುವರ್ಣದ ಮಕ್ಕಳು ಮೊದಲ ಬಾರಿಗೆ ತರಗತಿಯೊಳಗೆ ಕಾಲಿಟ್ಟಾಗ ಬಿಳಿಯ ವಿದ್ಯಾರ್ಥಿಗಳಲ್ಲಿ ಹಲವರು ಎದ್ದು ಹೊರನಡೆದರು. ಶಾಲೆಯವರು ಅವರನ್ನು ತಡೆಯಲೂ ಇಲ್ಲ, ನಿಯಮವನ್ನು ಸಡಲಿಸಲೂ ಇಲ್ಲ. ಆ ವರ್ಷದ ಪಟ್ಟಿಯಲ್ಲಿದ್ದ ೧೮೭ ವಿದ್ಯಾರ್ಥಿಗಳಲ್ಲಿ ೯೬ ಮಂದಿ ಕಪ್ಪುವರ್ಣದವರು, ೯೧ ಮಂದಿ ಬಿಳಿಯರು. ಬಾಲಕರು ಬಾಲಕಿಯರು ಒಟ್ಟಿಗೆ ಕಲಿಯುತ್ತಿದ್ದರು. ೧೮೬೯ರಲ್ಲಿ ಎಡ್ವರ್ಡ್ ಹೆನ್ರಿ ಫೇರ್‌ಚೈಲ್ಡ್ ಮೊದಲನೆಯ ಅಧ್ಯಕ್ಷರಾಗಿ ಬಂದು, ಕಾಲೇಜಿನ ತರಗತಿಗಳು ಆರಂಭವಾಗಿ, ೧೮೭೩ರಲ್ಲಿ ಮೊದಲ ಪದವೀಧರರು ಹೊರಬಂದರು. ಆದರೂ ಬಹುಮಂದಿ ವಿದ್ಯಾರ್ಥಿಗಳು ಕೆಳಗಿನ ತರಗತಿಗಳವರೇ. ಅಕ್ಷರಾಭ್ಯಾಸದಿಂದ ಪದವಿಯವರೆಗೆ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತಿದ್ದಿತು. ಅದೇ ಕಾಲದಲ್ಲಿ ಜೂಲಿಯಾ ಬ್ರಿಟನ್ ಎಂಬ ಕಪ್ಪುವರ್ಣದ ತರುಣಿಯು ಅಲ್ಲಿ ಸಂಗೀತವನ್ನು ಕಲಿಸುತ್ತಿದ್ದಳು. ಬಿಳಿಯ ಮಕ್ಕಳು ಆಕೆಯ ಮುಂದೆ ಕುಳಿತು ಕಲಿತರೆಂಬುದು ಆ ನಾಡಿನಲ್ಲಿ ಸಣ್ಣ ಮಾತಲ್ಲ.

೧೮೯೨ರಲ್ಲಿ ಅಧ್ಯಕ್ಷಪೀಠವನ್ನೇರಿದ ವಿಲಿಯಂ ಗುಡೆಲ್ ಫ್ರಾಸ್ಟರು ಇಪ್ಪತ್ತೆಂಟು ವರ್ಷ ಆಳಿದರು. ಅವರ ದೃಷ್ಟಿಯೆಲ್ಲ ಬೆಟ್ಟದ ಸೀಮೆಯ ಬಡ ಬಿಳಿಯರ ಕಡೆಗೆ. ಹಣವಿಲ್ಲದ ಬೆಟ್ಟದ ಮನೆಗಳ ಹೆಂಗಸರು ಕೈಮಗ್ಗದಲ್ಲಿ ನೇಯ್ದ ಹೊದಿಕೆಗಳನ್ನು ಕಾಲೇಜು ಸ್ವೀಕರಿಸಿ, ಮಕ್ಕಳ ವೆಚ್ಚಕ್ಕೆ ಜಮಾ ಹಿಡಿಯಿತು. ಆ ಹೊದಿಕೆಗಳಿಗೆ ಉತ್ತರದ ಪಟ್ಟಣಗಳಲ್ಲಿ ಬೆಲೆಯುಂಟೆಂದು ತಿಳಿದು ನೇಯ್ಗೆಯೇ ಕಾಲೇಜಿನ ಒಂದು ಕೈಗಾರಿಕೆಯಾಯಿತು. ಫ್ರಾಸ್ಟರ ಕರ್ತೃತ್ವವು ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಅವರ ಕಾಲದಲ್ಲಿಯೇ ಕಪ್ಪುವರ್ಣದವರ ಪ್ರಮಾಣವು ಅರ್ಧದಿಂದ ಇಳಿದು ಸುಮಾರು ಐದರಲ್ಲೊಂದು ಪಾಲಿಗೆ ಬಂದಿತು. ವೃದ್ಧನಾಗಿದ್ದ ಫೀ ಇದನ್ನು ಒಪ್ಪಲಿಲ್ಲ. ೧೯೦೧ರಲ್ಲಿ ಆತನು ತೀರಿಕೊಂಡನು. ಮುಂದೆ ಬಂದುದನ್ನು ನೋಡದೆ ಹೋದನೆಂಬುದೇ ಅವನ ಪುಣ್ಯ.

೧೯೦೪ರಲ್ಲಿ ಕಾರ್ಲ್ ಡೇ ಎಂಬ ಸದಸ್ಯನು ಕೆಂಟಕಿಯ ಶಾಸನಸಭೆಯಲ್ಲಿ ಒಂದು ಮಸೂದೆಯನ್ನು ತಂದನು. ಎರಡು ವರ್ಣದವರನ್ನೂ ಸೇರಿಸಿಕೊಳ್ಳುವ ಯಾವ ಶಾಲೆಗಾದರೂ ಸಾವಿರ ಡಾಲರ್ ದಂಡ; ಕಲಿಸುವ ಶಿಕ್ಷಕರಿಗೆ ದಂಡ; ಕಲಿಯುವ ವಿದ್ಯಾರ್ಥಿಗೂ ದಂಡ. ಒಂದೇ ಸಂಸ್ಥೆಯು ಎರಡು ಶಾಲೆಗಳನ್ನು ನಡೆಸಬೇಕಾದರೆ ಅವುಗಳ ನಡುವೆ ಇಪ್ಪತ್ತೈದು ಮೈಲಿಗಳ ಅಂತರವಿರಬೇಕು. ಅಂದು ಕೆಂಟಕಿಯಲ್ಲಿ ಇಂಥ ಕಾಲೇಜು ಬೆರಿಯಾ ಒಂದೇ ಆದುದರಿಂದ ಈ ಶಾಸನವು ಯಾರ ಕೊರಳಿಗೆಂದು ಕೇಳಬೇಕಾದುದಿರಲಿಲ್ಲ. ಕಾಲೇಜು ನ್ಯಾಯಾಲಯಕ್ಕೆ ಹೋಗಿ ಮೇಲಿಂದ ಮೇಲೆ ಸೋತಿತು. ಇಪ್ಪತ್ತೈದು ಮೈಲಿಯ ನಿಬಂಧನೆಯನ್ನು ಮಾತ್ರ ಕೆಂಟಕಿಯ ನ್ಯಾಯಾಲಯವು ತೆಗೆದುಹಾಕಿತು. ೧೯೦೮ರ ನವೆಂಬರದಲ್ಲಿ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವು ಕೊನೆಯ ತೀರ್ಪನ್ನಿತ್ತಿತು. ಕಾಲೇಜೆಂಬುದು ಸಂಸ್ಥಾನದ ಸನ್ನದಿನಿಂದ ಹುಟ್ಟಿದ ಸಂಸ್ಥೆ; ಕೊಟ್ಟ ಸನ್ನದನ್ನು ಕೊಟ್ಟವರೇ ಬದಲಿಸಬಹುದು ಎಂಬುದು ಬಹುಮತದ ವಾದ. ಮನುಷ್ಯ ಮನುಷ್ಯರು ಕೂಡಿ ಕಲಿಯುವುದು ಹೇಗೆ ಅಪರಾಧವಾದೀತೆಂಬ ನಿಜವಾದ ಪ್ರಶ್ನೆಯನ್ನು ಆ ತೀರ್ಪು ಬಳಸಿಕೊಂಡು ಹೋಯಿತು. ಕೆಂಟಕಿಯವರೇ ಆದ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನರು ಇದನ್ನು ಬಲವಾಗಿ ವಿರೋಧಿಸಿದರು. ಇಂದು ಶಾಲೆಯಲ್ಲಿ ಇಬ್ಬರನ್ನು ಬೇರೆ ಮಾಡಿದ ಸರಕಾರವು ನಾಳೆ ದೇವಾಲಯದಲ್ಲಿಯೂ ಪ್ರಸಾದದ ಪಂಕ್ತಿಯಲ್ಲಿಯೂ ಬೇರೆ ಮಾಡದೆ ಬಿಡುವುದೇ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ.

ಮೊಕದ್ದಮೆಯು ನಡೆಯುತ್ತಿರುವಾಗಲೇ ಕಪ್ಪುವರ್ಣದ ವಿದ್ಯಾರ್ಥಿಗಳು ಹೋಗಬೇಕಾಯಿತು. ಉಳಿದ ಬಿಳಿಯ ವಿದ್ಯಾರ್ಥಿಗಳು ಅವರಿಗೆ ಪತ್ರ ಬರೆದು ತಮ್ಮ ವ್ಯಥೆಯನ್ನು ತಿಳಿಸಿದರು. ಹೋದವರಿಂದ ಉತ್ತರವೂ ಬಂದಿತು. ಫಿಸ್ಕ್, ಹ್ಯಾಂಪ್ಟನ್ ಮೊದಲಾದ ದೂರದ ವಿದ್ಯಾಲಯಗಳಿಗೆ ಹೋಗಲು ಕಾಲೇಜು ಅವರಿಗೆ ನೆರವಾಯಿತು. ಆಂಡ್ರೂ ಕಾರ್ನೆಗಿಯೇ ಮೊದಲಾದವರ ಹಣದಿಂದ ಶೆಲ್ಬಿ ಪ್ರಾಂತದಲ್ಲಿ ೧೯೧೨ರಲ್ಲಿ ಅವರಿಗಾಗಿಯೇ ಲಿಂಕನ್ ಇನ್‌ಸ್ಟಿಟ್ಯೂಟ್ ತೆರೆಯಿತು. ಅದು ೧೯೬೬ರವರೆಗೆ ನಡೆಯಿತು. ಶಾಸನವು ಬರುವುದಕ್ಕೆ ಒಂದೇ ವರ್ಷದ ಮುಂಚೆ, ೧೯೦೩ರಲ್ಲಿ, ಬೆರಿಯಾದಿಂದ ಪದವಿ ಪಡೆದು ಹೋಗಿದ್ದ ಕಾರ್ಟರ್ ವುಡ್‌ಸನ್ನರು ಮುಂದೆ ಹಾರ್ವರ್ಡಿನಲ್ಲಿ ಪಂಡಿತಪದವಿ ಪಡೆದು, ತಮ್ಮ ಜನಾಂಗದ ಚರಿತ್ರೆಯ ಅಧ್ಯಯನಕ್ಕೆ ತಳಹದಿಯನ್ನು ಹಾಕಿದರು. ಬಾಗಿಲು ಹನ್ನೆರಡು ತಿಂಗಳು ಮೊದಲೇ ಮುಚ್ಚಿದ್ದರೆ ಏನಾಗುತ್ತಿತ್ತೋ!

ಇನ್ನು ಕಟ್ಟಡಗಳ ಮಾತು. ೧೯೦೨ರಲ್ಲಿ ಹಳೆಯ ಪ್ರಾರ್ಥನಾಮಂದಿರವು ಸುಟ್ಟುಹೋಯಿತು. ಒಲಿವಿಯಾ ಫೆಲ್ಪ್ಸ್ ಸ್ಟೋಕ್ಸ್ ಎಂಬ ಮಹಿಳೆಯು ಹೊಸದನ್ನು ಕಟ್ಟಿಸಿಕೊಡಲು ಮುಂದೆ ಬಂದಳು. ವಿದ್ಯಾರ್ಥಿಗಳೇ ಕಟ್ಟಬೇಕೆಂಬುದು ಅವಳ ಷರತ್ತು. ಹುಡುಗರು ಕಾಲೇಜಿನ ಕಾಡಿನಲ್ಲಿಯೇ ಮರ ಕಡಿದು, ಇಟ್ಟಿಗೆ ಸುಟ್ಟು, ೧೯೦೬ರಲ್ಲಿ ಅದನ್ನು ಮುಗಿಸಿದರು. ಅತಿಥಿಗಳಿಗಾಗಿ ೧೯೦೯ರಲ್ಲಿ ತೆರೆದ ಬೂನ್ ಟ್ಯಾವರ್ನ್ ಎಂಬ ವಸತಿಗೃಹವೂ ಕಾಲೇಜಿನವರದೇ. ಇಂದಿಗೂ ಅಲ್ಲಿ ವಿದ್ಯಾರ್ಥಿಗಳೇ ಕೆಲಸ ಮಾಡುವರು. ಬೋಳಾಗಿದ್ದ ಗುಡ್ಡಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಳ್ಳಲಾರಂಭಿಸಿ ಬೆಳೆಯಿಸಿದ ಅರಣ್ಯವು ಇಂದು ಎಂಟು ಸಾವಿರ ಎಕರೆಗೂ ಮಿಕ್ಕಿದೆ.

ಕಾವ್ಯ, ತತ್ತ್ವ, ಚರಿತ್ರೆ, ಗಣಿತ, ವಿಜ್ಞಾನಗಳು ಇಲ್ಲಿಯ ಪಾಠಕ್ರಮದ ಬೆನ್ನೆಲುಬು. ದಾದಿಯರ ವಿದ್ಯೆ, ವ್ಯವಸಾಯಗಳಂಥ ಉಪಯುಕ್ತ ವಿಷಯಗಳೂ ಸೇರಿವೆ. ೧೯೬೮ರ ಹೊತ್ತಿಗೆ ಕೆಳಗಿನ ತರಗತಿಗಳು ನಿಂತು ಕಾಲೇಜು ಮಾತ್ರ ಉಳಿಯಿತು. ಪಾಠವು ಮುಗಿದ ಮೇಲೆ ಒಬ್ಬನು ಕಸಬರಿಗೆ ಕಟ್ಟುವನು, ಒಬ್ಬಳು ಮಗ್ಗದ ಮುಂದೆ ಕೂಡುವಳು, ಮತ್ತೊಬ್ಬನು ಬಡಗಿಯ ಉಳಿ ಹಿಡಿಯುವನು. ಗ್ರಂಥಾಲಯ, ಅಡುಗೆಮನೆ, ಹೊಲ, ಕಚೇರಿಗಳಲ್ಲಿಯೂ ದುಡಿಯುವವರುಂಟು. ಈ ದುಡಿಮೆಗೆ ಕೂಲಿಯಿದೆ, ವರದಿಯೂ ಇದೆ. ಓದಿನಲ್ಲಿ ಮುಂದಾಗಿ ಕೆಲಸದಲ್ಲಿ ಮೈಗಳ್ಳನಾದವನಿಗೆ ಅಲ್ಲಿ ಮರ್ಯಾದೆಯಿಲ್ಲ. ಶರತ್ಕಾಲದಲ್ಲೊಂದು ದಿನ ತರಗತಿಗಳನ್ನೆಲ್ಲ ನಿಲ್ಲಿಸಿ, ಗುರುಶಿಷ್ಯರು ಹತ್ತಿರದ ಬೆಟ್ಟವನ್ನು ಹತ್ತಿ ಆ ದಿನವನ್ನು ಹಾಡು ಕುಣಿತಗಳಲ್ಲಿ ಕಳೆಯುವರು. ಉಳಿದಂತೆ ಹರಟೆಗೆ ಹೊತ್ತು ಕಡಿಮೆ.

ಶುಲ್ಕವಿಲ್ಲದೆ ಇಷ್ಟೆಲ್ಲ ಹೇಗೆ ನಡೆದೀತೆಂದರೆ, ದಾನಿಗಳು ನಿರ್ದಿಷ್ಟ ಉದ್ದೇಶವನ್ನು ಹೇಳದೆ ಮರಣಶಾಸನದಲ್ಲಿ ಬಿಟ್ಟುಹೋದ ಹಣವನ್ನು ಖರ್ಚು ಮಾಡದೆ ಮೂಲಧನಕ್ಕೆ ಸೇರಿಸಬೇಕೆಂದು ಆಡಳಿತಮಂಡಲಿಯು ೧೯೨೦ರಲ್ಲಿ ನಿರ್ಣಯಿಸಿತು. ಆ ನಿಧಿಯು ಬೆಳೆದು ನೂರು ಕೋಟಿ ಡಾಲರುಗಳನ್ನು ಮೀರಿದೆ. ೧೯೫೦ಕ್ಕಿಂತ ಹಿಂದಿನ ಯಾವ ಧನಾಧಿಕಾರಿಯೂ ಕನಸಿನಲ್ಲಿ ಕಂಡಿರದ ತೊಡಕೊಂದು ಇದರಿಂದಲೇ ಹುಟ್ಟಿತು. ೨೦೧೭ರಲ್ಲಿ ದೊಡ್ಡ ನಿಧಿಯುಳ್ಳ ಖಾಸಗಿ ಕಾಲೇಜುಗಳ ಮೇಲೆ ತೆರಿಗೆ ಹಾಕಿದಾಗ, ಶುಲ್ಕವನ್ನೇ ಪಡೆಯದ ಬೆರಿಯಾವೂ ಆ ಬಲೆಯಲ್ಲಿ ಸಿಕ್ಕಿತು. ಶುಲ್ಕ ಕೊಡುವ ಐದುನೂರು ವಿದ್ಯಾರ್ಥಿಗಳಾದರೂ ಉಳ್ಳ ಕಾಲೇಜುಗಳಿಗೆ ಮಾತ್ರ ತೆರಿಗೆಯೆಂದು ೨೦೧೮ರಲ್ಲಿ ತಿದ್ದುಪಡಿಯಾದ ಮೇಲೆ ಅದು ಬಿಡುಗಡೆ ಹೊಂದಿತು.

ಡೇ ಶಾಸನವು ೧೯೫೦ರಲ್ಲಿ ಸಡಿಲವಾಯಿತು. ಕಾಲೇಜುಗಳು ಇಚ್ಛಿಸಿದರೆ ಎಲ್ಲರನ್ನೂ ಸೇರಿಸಿಕೊಳ್ಳಬಹುದೆಂದು ತಿದ್ದುಪಡಿಯಾದೊಡನೆ ಬೆರಿಯಾ ಅದೇ ವರ್ಷ ಬಾಗಿಲನ್ನು ತೆರೆಯಿತು. ಮೊದಲು ಬಂದವರು ಬೆರಳೆಣಿಕೆಯವರು. ಒಂದು ತಲೆಮಾರಿಗೂ ಮಿಕ್ಕಿ ಮುಚ್ಚಿದ್ದ ಮನೆಗೆ ಜನರು ಒಮ್ಮೆಲೇ ಬರುವುದಿಲ್ಲ. ೧೮೬೬ರ ಆ ಸಮಪಾಲು ಮತ್ತೆ ಒದಗಿಬರಲಿಲ್ಲ. ಕೆಂಟಕಿಯ ಹಾಪ್‌ಕಿನ್ಸ್‌ವಿಲ್ಲಿನಲ್ಲಿ ೧೯೫೨ರಲ್ಲಿ ಹುಟ್ಟಿ ಲೋಕವಿಖ್ಯಾತ ಲೇಖಕಿಯಾದ ಬೆಲ್ ಹುಕ್ಸ್ ೨೦೦೪ರಲ್ಲಿ ಬೆರಿಯಾಕ್ಕೆ ಅಧ್ಯಾಪಕಿಯಾಗಿ ಬಂದರು. ತಮ್ಮ ಹೆಸರನ್ನು ಆಕೆ ಸಣ್ಣ ಅಕ್ಷರಗಳಲ್ಲಿಯೇ ಬರೆಯುತ್ತಿದ್ದರು. ಕನ್ನಡದ ಲಿಪಿಯಲ್ಲಿ ಆ ಭೇದವನ್ನು ತೋರಿಸುವಂತಿಲ್ಲ. ೨೦೨೧ರ ಡಿಸೆಂಬರದಲ್ಲಿ ಬೆರಿಯಾದ ತಮ್ಮ ಮನೆಯಲ್ಲಿಯೇ ತೀರಿಕೊಂಡರು. ಆಕೆಯ ಹಸ್ತಪ್ರತಿಗಳು ಕಾಲೇಜಿನ ಸಂಗ್ರಹದಲ್ಲಿವೆ.