ಕುಕ್ಕರಿನ ರಬ್ಬರ್, ಡೀಸೆಲ್ಲಿನ ವಾಶರ್

ಕುಕ್ಕರಿನ ರಬ್ಬರ್ ಸಡಲಾತಂದ್ರ ಅಡಿಗಿಮನ್ಯಾಗ ಏನಾಗ್ತದ ಅಂತ ನಿಮಗ ಹೇಳೋದು ಬ್ಯಾಡ. ಕೆಳಗ ಉರಿ ಇರ್ತದ, ಒಳಗ ಬ್ಯಾಳಿ ಇರ್ತದ, ಆದ್ರ ಉಗಿ ಬದಿಯಿಂದ ಬುಸ್ ಅಂತ ಹೋಗಿ ಸೀಟಿನ ಹೊಡಿಯಂಗಿಲ್ಲ. ಡೀಸೆಲ್ ಎಂಜಿನ್ನಿಂದೂ ಅದ ಹಣೇಬರಹ. ಅದರ ನಾಜಲ್ ಕೆಳಗ ಬೆರಳುಂಗರದಷ್ಟು ಒಂದು ತಾಮ್ರದ ವಾಶರ್ ಇರ್ತದ. ಅದು ಒತ್ತಡ ಹಿಡಕೊಂಡ್ರ ಗಾಡಿ ಓಡ್ತದ, ಇಲ್ಲಾಂದ್ರ ಇಲ್ಲ.

ನಮ್ಮ ಕಾಕಾ ಹುಬ್ಬಳ್ಳಿಯೊಳಗ ಡೀಸೆಲ್ ಅಂಬಾಸಿಡರ್ ಬಾಡಗಿಗೆ ಓಡಸ್ತಿದ್ರು. ನಾವು ಐದು ಹುಡುಗ್ರ ಸಾಲಿ ಫೀ, ಅಕ್ಕನ ಮದವಿ, ಎಲ್ಲಾ ಆ ಗಾಡಿ ದುಡದ ರೊಕ್ಕದಾಗ ಆದದ್ದು. ಈಗ ಕಾಕಾ ಇಲ್ಲ, ಗಾಡಿ ಅಂಗಳದಾಗ ಅದ. ಗುಜರಿಯವ ಬಂದು ತೂಕದ ಲೆಕ್ಕದಾಗ ರೇಟ್ ಹೇಳಿ ಹೋಗ್ಯಾನ. ಮನ್ಯಾಗ ಅರ್ಧ ಮಂದಿ ಕೊಟ್ಟಬಿಡ್ರಿ ಅಂತಾರ, ಕಾಕು ಬ್ಯಾಡ ಅಂತಾರ. ಅದಕ್ಕ, ಇಂಥಾ ಎಂಜಿನ್ ನಮ್ಮಂಥವರ ಮನಿ ತನಕಾ ಹೆಂಗ ಬಂತು ಅನ್ನೋದನ್ನ ಬರದಿಡೋಣ ಅನಸ್ತು.

ರುಡಾಲ್ಫ್ ಡೀಸೆಲ್‌ಗೆ ಪೇಟೆಂಟ್ ಸಿಕ್ಕದ್ದು 1893ರಲ್ಲಿ, ಅವನ ಎಂಜಿನ್ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಪರೀಕ್ಷೆ ಪಾಸಾದದ್ದು 1897ರಲ್ಲಿ. ಅದಕ್ಕ ಸ್ಪಾರ್ಕ್ ಪ್ಲಗ್ ಬೇಕಾಗಿಲ್ಲ. ಗಾಳಿ ಬಿಗಿಯಾಗಿ ಹಿಂಡಿದ್ರ ತಾನ ಕಾಯ್ತದ, ಎಣ್ಣಿ ತಾಗಿದ ಕೂಡಲೇ ಹತ್ತಿಕೊಳ್ತದ. ತೊಂದರಿ ಒಂದ: ಅಷ್ಟು ಬಿಗಿ ಗಾಳಿಯೊಳಗ ಎಣ್ಣಿ ತೂರಸೋದು ಹೆಂಗ? ಡೀಸೆಲ್ ಅದಕ್ಕಿಂತ ಬಿಗಿಯಾದ ಗಾಳಿಯಿಂದ ಎಣ್ಣೆಯನ್ನು ಒಳಗೆ ಊದಿಸಿದ. ಆ ಗಾಳಿಗೆ ಕಂಪ್ರೆಸರ್ ಬೇಕಾತು, ಎಂಜಿನ್ ಆಳಿಗಿಂತ ಎತ್ತರಾತು. ಹಡಗಿಗೆ, ಕಾರಖಾನಿಗೆ ನಡೀತು, ಕಾರಿಗೆ ಎಲ್ಲೀದು?

1909ರಲ್ಲಿ ಪ್ರಾಸ್ಪರ್ ಲೊರಾಂಜ್, ಸಿಲಿಂಡರಿನ ಪಕ್ಕದ ಸಣ್ಣ ಕೋಣೆಯೊಳಗೆ ಮೊದಲು ಎಣ್ಣೆ ಹೊತ್ತಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. 1922ರಲ್ಲಿ ರಾಬರ್ಟ್ ಬಾಷ್ ಡೀಸೆಲ್ ಪಂಪಿನ ಕೆಲಸ ಶುರು ಮಾಡಿಸಿದ, 1927ರಲ್ಲಿ ಪಂಪುಗಳು ಸಾಲಾಗಿ ತಯಾರಾಗತೊಡಗಿದವು. ಎಣ್ಣೀನ ಅಷ್ಟು ಒತ್ತಡದಾಗ ಹಿಡಿಯೋದು ಬಂದ ಮ್ಯಾಲೆ ಕಂಪ್ರೆಸರ್ ಹೋತು, ಎಂಜಿನ್ ಸಣ್ಣದಾತು. 1936ರಲ್ಲಿ ಮರ್ಸಿಡಿಸ್ 260 ಡಿ ಬಂತು. ಅದನ್ನೂ ಭಾಳ ಮಂದಿ ಟ್ಯಾಕ್ಸಿಗೇ ತಗೊಂಡ್ರು!

ನಮ್ಮ ಕಡೆ 1951ರಲ್ಲಿ ಮೋಟರ್ ಇಂಡಸ್ಟ್ರೀಸ್ ಕಂಪನಿ, ಅಂದ್ರ ಮೈಕೋ, ಹುಟ್ಟಿತು. ಬೆಂಗಳೂರಿನ ಆಡುಗೋಡಿಯೊಳಗ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು, ನಾಜಲ್ ತಯಾರಾದವು. 1980ರ ಹೊತ್ತಿಗೆ ಅಂಬಾಸಿಡರಿಗೂ ಡೀಸೆಲ್ ಎಂಜಿನ್ ಬಂತು: ಬಿಎಂಸಿ ವಿನ್ಯಾಸದ್ದು, 1489 ಸಿಸಿ. ಓಟ ಅಷ್ಟಕ್ಕಷ್ಟ, ಆದ್ರ ಡೀಸೆಲ್ ಪೆಟ್ರೋಲಿಗಿಂತ ಭಾಳ ಸೋವಿ. ಬಾಡಗಿ ಗಾಡಿಯವ್ರಿಗೆ ಅಷ್ಟ ಸಾಕಿತ್ತು.

ಈಗ ನಾಲ್ಕೂ ನಾಜಲ್ ಬಿಚ್ಚಿ ಮತ್ತ ಕೂಡಸೋ ಕೆಲಸಾ. ನಮ್ಮ ಮಿಸ್ತ್ರಿ ಮೊದಲ ಹಳೇ ವಾಶರ್ ಎಣಸ್ತಾರ. ಒಂದು ಕಮ್ಮಿ ಬಿತ್ತಂದ್ರ ಅದು ತೂತಿನ ತಳಕ್ಕ ಅಂಟಿರ್ತದ. ಅದರ ಮ್ಯಾಲೆ ಹೊಸಾದು ಹಾಕಿದ್ರ ನಾಜಲ್ ಎತ್ತರಕ್ಕ ಕೂಡ್ತದ, ಎಣ್ಣಿ ಬೀಳೋ ಜಾಗಾ ತಪ್ತದ. ಆಮ್ಯಾಲೆ ತಳದಾಗಿನ ಮಸಿ ತಗಿಬೇಕು. ಒಂದು ಕಣ ಉಳದ್ರೂ ಅಲ್ಲಿಂದ ಬಿಸಿ ಗಾಳಿ ನುಗ್ಗಿ ನಾಜಲ್ ಸುಡ್ತದ.

ಒಂದ್ಸಲ ಒತ್ತಿದ ತಾಮ್ರ ಗಟ್ಟಿ ಆಗಿರ್ತದ, ಮತ್ತ ಅದು ಹೊಂದಿಕೊಳ್ಳಂಗಿಲ್ಲ. ಹೊಸಾ ವಾಶರ್ ಸಿಗದಿದ್ರ ಕೆಂಪಗ ಕಾಸಿ ನೀರಾಗ ಹಾಕ್ತಾರ. ಹಿಂಗ ಮಾಡಿದ್ರ ಉಕ್ಕು ಬಿರಸಾಗ್ತದ, ತಾಮ್ರ ಮೆತ್ತಗಾಗ್ತದ. ನಾಜಲ್ಲಿನ ಸೂಜಿ ಮತ್ತ ಅದರ ಮನಿ ಜೋಡಿ ಬಿಡಸಬಾರದು: ಎರಡರ ನಡುವಿನ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗ, ಒಂದರ ಸೂಜಿ ಇನ್ನೊಂದಕ್ಕ ಕೂಡಂಗಿಲ್ಲ. ನಟ್ ಬಿಗಿಯೋದು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ. ಒಂದ ಕಡೆ ಜಗ್ಗಿದ್ರ ನಾಜಲ್ ವಾಲ್ತದ.

ಕಡೀಕೆ ಗಾಳಿ ತಗಿಯೋದು. ನಾಜಲ್ ಕಡೆ ಪೈಪಿನ ನಟ್ ಸಡಲ ಬಿಟ್ಟು ಎಂಜಿನ್ ತಿರಗಸಬೇಕು. ಗುಳ್ಳಿ ಇಲ್ದ ಡೀಸೆಲ್ ಬಂದ ಮ್ಯಾಲೆ ಒಂದೊಂದ ಬಿಗಿಬೇಕು. ನಾಜಲ್ಲಿನ ಚಿಮ್ಮಿಗೆ ಮಾತ್ರ ಕೈ ಒಡ್ಡಬ್ಯಾಡ್ರಿ, ಅದು ಚರ್ಮದೊಳಗ ಹೊಕ್ಕಬಿಡ್ತದ.

2008ರಲ್ಲಿ ಮೈಕೋ ಹೆಸರು ಬಾಷ್ ಅಂತಾತು, 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ನಮ್ಮ ಗಾಡಿ ಈ ವರ್ಷ ಹೊಸಾ ವಾಶರಿನ ಮ್ಯಾಲೆ ಚಾಲೂ ಆಗೇದ, ಗುಜರಿಯವಗ ಸದ್ಯಕ್ಕ ಇಲ್ಲ ಅಂದೇವಿ. ಆದ್ರ ಮಿಸ್ತ್ರಿಗೆ ವಯಸ್ಸಾಗೇದ, ಅವರ ಕೈಕೆಳಗ ಹುಡುಗ್ರು ಯಾರೂ ಇಲ್ಲ. ನಿಮ್ಮ ಮನ್ಯಾಗೂ ಹಳೇ ಡೀಸೆಲ್ ಗಾಡಿ ಇದ್ರ ವಾಶರಿನ ದಪ್ಪ, ಒಳ ಅಗಲ, ಹೊರ ಅಗಲ ಮೂರೂ ಅಳತಿ ಒಂದು ವಹಿಯೊಳಗ ಬರದಿಡ್ರಿ. ಅಳತಿ ಗೊತ್ತಿದ್ರ ಲೇತ್‌ನವರ ಕಡೆಯಾದ್ರೂ ಮಾಡಸಬಹುದು.