ಕೀಲೆಣ್ಣೆಯ ಕಥೆ

ಎಣ್ಣೆ ಎಂಬ ನಮ್ಮ ಮಾತು ಹುಟ್ಟಿದ್ದು ಎಳ್ಳಿನಿಂದ. 'ಎಳ್' ಎಂಬುದಕ್ಕೆ 'ನೆಯ್' ಸೇರಿ ಎಣ್ಣೆಯಾಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸಂಸ್ಕೃತದಲ್ಲಿಯೂ ಅದೇ ದಾರಿ. ತಿಲದಿಂದ ಬಂದುದು ತೈಲ. ನೆಲದಾಳದಿಂದ ಎತ್ತಿ, ಕಾಯಿಸಿ, ಸೋಸಿ, ಮೋಟಾರಿನ ಹೊಟ್ಟೆಗೆ ಸುರಿಯುವ ದ್ರವವನ್ನೂ ನಾವು ಎಣ್ಣೆಯೆಂದೇ ಕರೆಯುತ್ತೇವೆ. ಎಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಕೆಲಸದ ಸಂಬಂಧ ಮಾತ್ರ ಬಹಳ ಹಳೆಯದು. ಮೈಗೆ ಎಣ್ಣೆ ಹಚ್ಚಿಕೊಳ್ಳುವುದರ ಗುಣವನ್ನು ವಿವರಿಸುವಾಗ ಚರಕಸಂಹಿತೆ ಹಿಡಿದಿರುವ ಉಪಮೆಗಳಲ್ಲಿ ಬಂಡಿಯ ಅಚ್ಚೂ ಒಂದು. ಎಣ್ಣೆಯುಂಡ ಅಚ್ಚು ಹೇಗೆ ಗಟ್ಟಿಯಾಗಿ ಕಷ್ಟವನ್ನು ತಾಳುತ್ತದೆಯೋ ದೇಹವೂ ಹಾಗೆಯೇ ಎಂಬುದು ಅಲ್ಲಿನ ಅಭಿಪ್ರಾಯ.

ನಮ್ಮ ಕಡೆಯ ಬಂಡಿಗಳ ಅಡಿಯಲ್ಲಿ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ಅದರಲ್ಲಿರುತ್ತಿದ್ದುದು ಕೀಲೆಣ್ಣೆ: ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿಯನ್ನು ಕಲಸಿ ಮಾಡಿದ ಕಪ್ಪು ಲೇಪ. ಕಡಾಣಿ ಕಿತ್ತು, ಗಾಲಿಯನ್ನು ಸ್ವಲ್ಪ ಹೊರಕ್ಕೆಳೆದು, ಹಳೆಯ ಜಿಡ್ಡನ್ನು ಒರೆಸಿ, ಹೊಸದನ್ನು ಅಚ್ಚಿಗೆ ಬಳಿದರೆ ಬಂಡಿ ಕಿರುಗುಟ್ಟದೆ ನಡೆಯುತ್ತಿತ್ತು. ಅಂಗಿಗೆ ತಗುಲಿದರೆ ಮಾತ್ರ ಯಾವ ಅಗಸನ ಕೈಗೂ ಬಗ್ಗದು! ಹಳೆಯದನ್ನು ತೆಗೆದಲ್ಲದೆ ಹೊಸದನ್ನು ಹಾಕಬಾರದು ಎಂಬ ಇಂದಿನ ಮೆಕ್ಯಾನಿಕರ ನಿಯಮವನ್ನು ಬಂಡಿಕಾರನೂ ಬಲ್ಲವನಾಗಿದ್ದನು.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಆ ಶತಮಾನದಲ್ಲಿ ಭಾರತದ ರೈಲ್ವೆಗಳು ಗಾಲಿ ಕೀಲುಗಳಿಗೆ ಹರಳೆಣ್ಣೆಯನ್ನು ಧಾರಾಳವಾಗಿ ಬಳಸುತ್ತಿದ್ದವು. ನಮ್ಮ ಹೊಲದ ಬೇಲಿಯ ಹರಳಿಗೆ ವಿಲಾಯಿತಿಯಲ್ಲಿಯೂ ಮರ್ಯಾದೆ ದೊರೆಯಿತು. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪೆನಿ ತನ್ನ ಎಂಜಿನ್ ಎಣ್ಣೆಗೆ 'ಕ್ಯಾಸ್ಟ್ರಾಲ್' ಎಂದು ಹೆಸರಿಟ್ಟದ್ದು ಅದರಲ್ಲಿ ಬೆರೆತಿದ್ದ ಹರಳೆಣ್ಣೆಯಿಂದಾಗಿ. ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳ ಎಂಜಿನ್ನುಗಳೂ ಹರಳೆಣ್ಣೆಯಿಂದಲೇ ತಿರುಗಿದವು.

ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಸಂಸ್ಥಾನದಲ್ಲಿ ಕಲ್ಲಿದ್ದಲಿರಲಿಲ್ಲ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸಿದರು. ಆ ಕಾರ್ಖಾನೆಯನ್ನು ದಡ ಮುಟ್ಟಿಸಿದ ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಇಲ್ಲಿಯೂ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಅದು ಮೈಸೂರು ಸಂಸ್ಥಾನದಲ್ಲಿ ಕೈಗೂಡಲಿಲ್ಲ. 1944ರಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪೆನಿ ಮುಂಬಯಿಯಲ್ಲಿ ಹುಟ್ಟಿತು. ನಮಗೆ ದಕ್ಕಬೇಕಾಗಿದ್ದುದೆಂದು ನನಗೆ ಇಂದಿಗೂ ಅನಿಸುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಇದ್ದಿಲೇ ಮೋಟಾರಿಗೂ ಗತಿಯಾಯಿತು. ಬಸ್ಸಿನ ಬೆನ್ನಿಗೆ ಒಲೆಯಂಥ ಒಂದು ಪೀಪಾಯಿ. ಕೈಯಿಂದ ಗಾಳಿಯಂತ್ರ ತಿರುಗಿಸಿ, ಇದ್ದಿಲು ಕಾವೇರಿ ಅನಿಲ ಬರುವವರೆಗೆ ಪ್ರಯಾಣಿಕರು ಕಾಯಬೇಕು. ಘಾಟಿಯಲ್ಲಿ ಇಳಿದು ನಡೆಯುವುದೂ ಉಂಟು. ಸೋಸುವ ಜಾಲರಿಯನ್ನು ದಾಟಿದ ಬೂದಿ ಎಂಜಿನ್ನಿಗೆ ಸೇರಿ ಎಣ್ಣೆ ಬೇಗ ಕೆಡುತ್ತಿತ್ತು. ಹೀಗಾಗಿ ಪೆಟ್ರೋಲು ಗಾಡಿಗಿಂತ ಅವಕ್ಕೆ ಮೊದಲೇ ಎಣ್ಣೆ ಬದಲಿಸಬೇಕಾಗಿತ್ತು.

ಅನಂತರ ಬಂದವು ಅಂಬಾಸಿಡರ್, ಫಿಯಟ್ ಕಾರುಗಳು. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೂ ತಯಾರಾಯಿತು. ನೆಲದಿಂದ ಎತ್ತರವಿದ್ದ ಆ ಗಾಡಿಯ ಕೆಳಗೆ ಚಾಪೆ ಹಾಸಿ ಮಲಗಿ ಯಜಮಾನರೇ ಎಣ್ಣೆ ಬದಲಿಸುವುದು ಕಷ್ಟವಾಗಿರಲಿಲ್ಲ. ಕ್ರಮ ಇಂದಿಗೂ ಅದೇ. ಗಾಡಿ ಸಮನೆಲದಲ್ಲಿರಬೇಕು; ಎತ್ತಿದ್ದರೆ ಬರಿಯ ಜಾಕಿಯನ್ನು ನಂಬಿ ಅಡಿಗೆ ನುಸುಳಬಾರದು, ಭದ್ರವಾದ ಊರೆ ಕೊಡಬೇಕು. ಎಂಜಿನ್ ಉಗುರುಬೆಚ್ಚಗಿದ್ದರೆ ಎಣ್ಣೆ ತೆಳುವಾಗಿ, ತೇಲುವ ಕರಿಯನ್ನೂ ಲೋಹದ ಪುಡಿಯನ್ನೂ ಹೊತ್ತು ಇಳಿಯುತ್ತದೆ; ಬಹಳ ಬಿಸಿಯಾಗಿದ್ದರೆ ಕೈ ಸುಡುತ್ತದೆ. ಅಡಿಯ ಬೋಲ್ಟ್ ಬಿಚ್ಚಿ ಪೂರ್ತಿ ಬಸಿದು, ಫಿಲ್ಟರನ್ನೂ ಬೋಲ್ಟಿನ ವಾಷರನ್ನೂ ಹೊಸದಾಗಿ ಹಾಕಿ, ತಯಾರಕರು ಹೇಳಿದ ದರ್ಜೆಯ ಎಣ್ಣೆ ಸುರಿಯಬೇಕು. ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನಿಲ್ಲಿಸಿ, ಅಳತೆ ಕಡ್ಡಿಯ ಎರಡು ಗುರುತುಗಳ ನಡುವೆ ಮಟ್ಟ ನಿಂತಿದೆಯೇ ಎಂದು ನೋಡಬೇಕು. ಹೆಚ್ಚು ಹಾಕುವುದೂ ತಪ್ಪೇ.

ಇಷ್ಟು ಮಾಡಿ ಕೈ ತೊಳೆದ ಮೇಲೆ ಬೋಗುಣಿಯಲ್ಲಿ ಉಳಿಯುವ ಆ ಮೂರು ನಾಲ್ಕು ಲೀಟರು ಕರಿ ದ್ರವವೇ ನಿಜವಾದ ತೊಡಕು. ಕೀಲೆಣ್ಣೆ ಬೀಜದಿಂದ ಬಂದದ್ದು, ರಸ್ತೆಗೆ ತೊಟ್ಟಿಕ್ಕಿದರೆ ಮಣ್ಣು ಅದನ್ನು ಅರಗಿಸಿಕೊಳ್ಳುತ್ತಿತ್ತು. ಎಂಜಿನ್ನಿನಿಂದ ಇಳಿದದ್ದರಲ್ಲಿ ಲೋಹದ ಸವೆತವಿದೆ, ಸುಟ್ಟ ಇಂಧನದ ವಿಷಗಳಿವೆ. ಅದು ಸುಲಭವಾಗಿ ಕೊಳೆಯುವುದಿಲ್ಲ. ಗೆದ್ದಲು ಹಿಡಿಯದಿರಲೆಂದು ಬೇಲಿಯ ಗೂಟಗಳಿಗೆ ಬಳಿಯುವ ನಮ್ಮ ಹಳೆಯ ರೂಢಿಯೂ ಒಳ್ಳೆಯದಲ್ಲ; ಮಳೆಗಾಲದಲ್ಲಿ ಅದು ನೆಲಕ್ಕಿಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅನುಮತಿ ಪಡೆದ ಸಂಸ್ಕರಣಗಾರರನ್ನೇ ಸೇರಬೇಕು. ಶುದ್ಧಿಮಾಡಿದರೆ ಅದರಿಂದ ಮತ್ತೆ ಎಣ್ಣೆ ತೆಗೆಯಬಹುದು. ಮನೆಯವರು ಅದನ್ನು ನೀರು, ಪೆಟ್ರೋಲು ಬೆರೆಸದೆ ಮುಚ್ಚಳವಿರುವ ಡಬ್ಬಿಗೆ ತುಂಬಿ, ಸಂಸ್ಕರಣಗಾರರಿಗೆ ಒಪ್ಪಿಸುವ ವರ್ಕ್‌ಷಾಪನ್ನು ವಿಚಾರಿಸಿ ಕೊಟ್ಟುಬಿಡಬಹುದು. ಮೋರಿಗೆ ಚೆಲ್ಲಿದರೆ ಶಿವಮೊಗ್ಗದ್ದು ತುಂಗೆಗೆ, ಭದ್ರಾವತಿಯದು ಭದ್ರೆಗೆ. ಎರಡೂ ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿ, ಹರಿಹರಗಳ ಕಡೆಗೆ ಹರಿಯುತ್ತವೆ. ಅಲ್ಲಿಯೂ ಜನ ಬಿಂದಿಗೆ ಹಿಡಿದು ಅದೇ ನೀರನ್ನು ಕಾಯುತ್ತಿದ್ದಾರೆ.