ಗುರಿಗಿಂತ ಮೇಲೆ ಗುರಿ

ಮಂಗಳೂರಿನ ಬೋಳೂರಿನಲ್ಲಿ ಗುರುಪುರ ನದಿಯ ದಡದಲ್ಲಿರುವ ಸುಲ್ತಾನ್ ಬತ್ತೇರಿಯನ್ನು ನೀವು ನೋಡಿರಬಹುದು. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕಾವಲು ಬುರುಜಿನ ಗೋಡೆಯಲ್ಲಿ ಬಂದೂಕು ತೂರಿಸಲು ಕಂಡಿಗಳಿವೆ. ಅಲ್ಲಿ ನಿಂತ ಸಿಪಾಯಿ ಬಂದೂಕಿನ ನಳಿಗೆಯನ್ನು ದೂರದ ದೋಣಿಗೆ ನೇರವಾಗಿ ಹಿಡಿದರೆ ಗುಂಡು ದೋಣಿಯ ಈಚೆಗೇ ನೀರಿಗೆ ಬೀಳುತ್ತದೆ. ಆದ್ದರಿಂದ ಗುರಿಗಿಂತ ಮೇಲಕ್ಕೆ ಗುರಿಯಿಡಬೇಕು. ಆದರೆ ಎಷ್ಟು ಮೇಲಕ್ಕೆ?

ಈ ಪ್ರಶ್ನೆ ಬತ್ತೇರಿಗಿಂತ ಹಳೆಯದು. ಗುಂಡು ಮೊದಲು ನೇರವಾಗಿ ಸಾಗಿ, ನಂತರ ಬಾಗಿ, ಕೊನೆಗೆ ನೆಟ್ಟಗೆ ಬೀಳುತ್ತದೆಂದು ಇಟಲಿಯ ಟಾರ್ಟಾಗ್ಲಿಯ 1537ರಲ್ಲಿ ಚಿತ್ರಿಸಿದ. ಪಥದ ಯಾವ ಭಾಗವೂ ಪೂರ್ತಿ ನೇರವಲ್ಲವೆಂದು 1546ರಲ್ಲಿ ಅವನೇ ತಿದ್ದಿ ಬರೆದ. 1638ರಲ್ಲಿ ಗೆಲಿಲಿಯೊ, ಗಾಳಿಯ ತಡೆಯಿಲ್ಲದಿದ್ದರೆ ಪಥವು ಪರವಲಯವೆಂದು ಸಾಧಿಸಿದ.

ಗೆಲಿಲಿಯೊನ ಲೆಕ್ಕವನ್ನು ನೀವೇ ಮಾಡಿ ನೋಡಿ. ಗುಂಡಿನ ವೇಗ ಸೆಕೆಂಡಿಗೆ 800 ಮೀಟರ್ ಎಂದಿಟ್ಟುಕೊಳ್ಳೋಣ. ನಳಿಗೆಯ ನೇರದಿಂದ ಅದು 100 ಮೀಟರ್ ದೂರದಲ್ಲಿ 7.7 ಸೆಂ.ಮೀ., 200ರಲ್ಲಿ 31 ಸೆಂ.ಮೀ., 300ರಲ್ಲಿ 69 ಸೆಂ.ಮೀ. ಇಳಿದಿರುತ್ತದೆ. ದೂರ ಮೂರು ಪಟ್ಟಾದರೆ ಇಳಿತ ಒಂಬತ್ತು ಪಟ್ಟು. ಆದರೆ ಕಣ್ಣಿಗೆ ಕಾಣುವುದು ಕೋನ, ಅಂದರೆ ಇಳಿತವನ್ನು ದೂರದಿಂದ ಭಾಗಿಸಿದ ಬೆಲೆ. ಇದು ಮಾತ್ರ ಮೂರೇ ಪಟ್ಟು ಹೆಚ್ಚುತ್ತದೆ.

ಈಗ ಬೇಟೆ ಬಂದೂಕಿನ ದುರ್ಬೀನಿಗೆ ಬರೋಣ. ಸುಮಾರು 1640ರಲ್ಲಿ ಇಂಗ್ಲೆಂಡಿನ ಗ್ಯಾಸ್ಕಾಯಿನ್, ದೂರದರ್ಶಕದ ನಾಭಿಯಲ್ಲಿ ಜೇಡನ ಎಳೆಯಿದ್ದರೆ ಅದು ಬಿಂಬದೊಡನೆ ಸ್ಪಷ್ಟವಾಗಿ ಕಾಣುವುದನ್ನು ಗಮನಿಸಿದ. ಅಡ್ಡತಂತಿಗಳ ಬಳಕೆಗೆ ಇದೇ ನಾಂದಿ. ಇಂದಿನ ಬೇಟೆ ದುರ್ಬೀನುಗಳಲ್ಲಿ ಅಡ್ಡತಂತಿಯ ಕೆಳಗೆ ಇನ್ನೂ ಕೆಲವು ಗೆರೆಗಳಿರುತ್ತವೆ. 100 ಮೀಟರ್‌ಗೆ ನಡುಗೆರೆ, 200ಕ್ಕೆ ಅದರ ಕೆಳಗಿನದು, 300ಕ್ಕೆ ಇನ್ನೂ ಕೆಳಗಿನದು. ಕೆಳಗೆರೆಯನ್ನು ಗುರಿಯ ಮೇಲಿಟ್ಟರೆ ನಳಿಗೆ ತಾನಾಗಿ ಮೇಲೇಳುತ್ತದೆ.

ಗೆಲಿಲಿಯೊನ ಲೆಕ್ಕದಂತೆ ಈ ಗೆರೆಗಳ ನಡುವಿನ ಅಂತರ ಸಮವಾಗಿರಬೇಕು. ಆದರೆ ಕೆಳಗೆ ಹೋದಂತೆ ಅಂತರ ಹಿಗ್ಗುತ್ತದೆ. ಕಾರಣ ಗಾಳಿ! ಇದನ್ನು ಅಳೆದು ತೋರಿಸಿದವನು ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಲೋಲಕದ ವಿಧಾನವಿದೆ: ತೂಗುಬಿಟ್ಟ ಮರದ ಹಲಗೆಗೆ ಗುಂಡು ಹೊಡೆದು, ಅದು ಎಷ್ಟು ಓಲಾಡಿತೆಂಬುದರಿಂದ ಗುಂಡಿನ ವೇಗ ತಿಳಿಯುವುದು. ಬೇರೆ ಬೇರೆ ದೂರದಲ್ಲಿ ಅಳೆದಾಗ, ಗಾಳಿಯ ತಡೆ ಅಂದಿನವರು ಭಾವಿಸಿದ್ದಕ್ಕಿಂತ ಬಹಳ ಹೆಚ್ಚೆಂದು ಕಂಡಿತು. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಭಾರತಕ್ಕೆ ಬಂದ ರಾಬಿನ್ಸ್ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಗೆರೆಗಳನ್ನು ಕುರುಡಾಗಿ ನಂಬುವಂತಿಲ್ಲ. ಅವು ಒಂದು ಬಗೆಯ ಗುಂಡಿಗೆ, ಒಂದು ವೇಗಕ್ಕೆ ಮಾತ್ರ ಸರಿ. ಕೆಲವು ದುರ್ಬೀನುಗಳಲ್ಲಿ ವರ್ಧನೆ ಬದಲಾದರೂ ಲೆಕ್ಕ ತಪ್ಪುತ್ತದೆ. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖದಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಸುಮಾರು ಆರನೇ ಒಂದು ಪಾಲು ಕಡಿಮೆ. ಅಲ್ಲಿ ಇಳಿತವೂ ಕಡಿಮೆ. ಲೆಕ್ಕ ತಪ್ಪಿದರೆ ಪ್ರಾಣಿ ಸಾಯದೆ ಗಾಯಗೊಂಡು ನರಳುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ವನ್ಯಪ್ರಾಣಿಗಳ ಬೇಟೆ ಅಪರಾಧ. ಆದರೂ ಈ ಲೆಕ್ಕ ಬೇಕು. ಊರಿಗೆ ನುಗ್ಗಿದ ಚಿರತೆಗೆ ಅರಿವಳಿಕೆ ಚುಚ್ಚುಮದ್ದು ಹಾರಿಸುವವರನ್ನು ನೆನೆಯಿರಿ. ಚುಚ್ಚುಮದ್ದಿನ ವೇಗ ಸೆಕೆಂಡಿಗೆ 60 ಮೀಟರ್ ಆದರೆ, 30 ಮೀಟರ್ ದೂರದಲ್ಲೇ ಅದು 1.2 ಮೀಟರ್ ಇಳಿಯುತ್ತದೆ. ಅಲ್ಲಿ ಗುರಿ ತಪ್ಪಿದರೆ ಚಿರತೆಗೂ ಅಪಾಯ, ಸುತ್ತ ನಿಂತ ಜನರಿಗೂ ಅಪಾಯ.